ಪ್ಲೇಟಿನಲ್ಲಿ ಬಿಟ್ಟ ನುಡಿ

ಗಂಗಾವತಿ
೧೪ ಫೆಬ್ರವರಿ ೧೯೩೯

ಅಕ್ಕ ಪಂಪಮ್ಮನಿಗೆ ತಮ್ಮ ಕರಿಬಸಪ್ಪನ ಶರಣಾರ್ಥಿ.

ಅವ್ವ ತೀರಿಕೊಂಡ ವರ್ಷ ನೀನು ಜೋಳ ಬೀಸುತ್ತ ಕಟ್ಟಿದ ಹಾಡನ್ನು ನಾನು ಮದರಾಸಿಗೆ ಹೋಗಿ ಗ್ರಾಮಫೋನ್ ಪ್ಲೇಟಿಗೆ ಹಾಡಿ ಬಂದೆ. ನಿನ್ನನ್ನು ಒಂದು ಮಾತೂ ಕೇಳಲಿಲ್ಲ. ಈಗ ಇಲ್ಲಿಯ ಚಹಾದಂಗಡಿಯಲ್ಲಿ ಅದನ್ನು ದಿನಕ್ಕೆ ಹತ್ತು ಸಲ ಹಾಕುತ್ತಾರೆ. ಹಾಡು ಮುಗಿದ ಕೂಡಲೇ ನನ್ನದೇ ದನಿ, "ಕಟ್ಟಿ ಹಾಡಿದವರು ನಾಟಕದ ಕರಿಬಸಪ್ಪ" ಎಂದು ಕೂಗುತ್ತದೆ. ಆಗ ನಾನು ಎದ್ದು ಹೊರಗೆ ಬರುತ್ತೇನೆ.

ನಿನ್ನೆ ಯಲಬುರ್ಗಾದಿಂದ ಬಳೆಗಾರ ಆದೆಪ್ಪ ಬಂದಿದ್ದ. ನೀನು ಸಾಹುಕಾರರ ಮನೆಯಲ್ಲಿ ಆ ಪ್ಲೇಟು ಕೇಳಿದೆಯಂತೆ. ಅಕ್ಕ ಏನೆಂದಳೆಂದು ಹೆದರುತ್ತಲೇ ಕೇಳಿದೆ.

"ನಮ್ಮ ತಮ್ಮ ಭಾಳ ಛಲೋ ಹಾಡ್ಯಾನ. ಅವ್ವನ ಹೆಸರಿರೋ ಕೊನೀ ನುಡಿ ಒಂದು ಬಿಟ್ಟಾನ. ಪ್ಲೇಟಿನಾಗ ಜಾಗ ಸಾಲಲಿಲ್ಲೇನೋ ಪಾಪ, ಅಂದ್ರು ನಿಮ್ಮಕ್ಕಾರು," ಎಂದ.

ನೀನು ಬೈದಿದ್ದರೆ ತಾಳಿಕೊಳ್ಳುತ್ತಿದ್ದೆ. ಆ ಮಾತು ಕೇಳಿದ ಮೇಲೆ ಈ ಕಾಗದ ಬರೆಯಲು ಕೂತೆ.

ಅಕ್ಕ, ಜಾಗ ಇತ್ತು. ಹಾಡು ಪೂರಾ ಹಿಡಿಸುತ್ತಿತ್ತು. ನನ್ನ ಹೆಸರು ಕೂಗಲು ಸಮಯ ಉಳಿಯಲೆಂದು ನಾನೇ ಅವ್ವನ ಹೆಸರಿದ್ದ ಆ ನುಡಿಯ ಸಾಲುಗಳನ್ನು ಬಿಟ್ಟೆ.

ಒತ್ತಿದ ಪ್ಲೇಟನ್ನು ಇನ್ನು ತಿದ್ದಲಾಗದು. ಅದಕ್ಕೆ ಒಂದು ಕೆಲಸ ಮಾಡು. ಈ ಕಾಗದವನ್ನು ಶಾಲೆಯ ಮಾಸ್ತರರಿಂದ ಮನೆಯೊಳಗೆ ಮೆಲ್ಲಗೆ ಓದಿಸಿಕೊಳ್ಳಬೇಡ. ಸಾಹುಕಾರರ ಕಟ್ಟೆಯ ಮೇಲೆ, ಪ್ಲೇಟು ಕೇಳಿದವರೆಲ್ಲ ಕೂತಿರುವಾಗ, ಗಟ್ಟಿಯಾಗಿ ಓದಿಸು.

ನಿನ್ನ ತಮ್ಮ
ಕರಿಬಸಪ್ಪ