ಓರಗಿತ್ತಿಯ ನಲ್ಲಿ, ನನ್ನ ಬಾವಿ

ಭೂಗತ ತ್ಯಾಜ್ಯ ಸುರಕ್ಷತಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಕ್ಷೆಯ ಮೇಲೆ ಕೈವಾರವಿಟ್ಟು ನೀವು ಎಳೆದ ವೃತ್ತ ನನ್ನ ಓರಗಿತ್ತಿಗೆ ಶುದ್ಧ ನೀರಿನ ನಲ್ಲಿ ಕೊಟ್ಟಿತು, ನನಗೆ ಕೊಡಲಿಲ್ಲ. ಹೊಟ್ಟೆಕಿಚ್ಚಿನ ಹೆಂಗಸು ಎಂದು ಈ ಪತ್ರವನ್ನು ಪಕ್ಕಕ್ಕಿಡಬೇಡಿ. ಹೊಟ್ಟೆಕಿಚ್ಚು ಇರುವುದು ನಿಜ, ಮುಚ್ಚಿಡುವ ಉದ್ದೇಶವೂ ನನಗಿಲ್ಲ.

ವಿಕಿರಣ ಕಸ ಹೂತ ಗುಂಡಿ ದಿಬ್ಬದ ನಡುವಿದೆ. ಅವಳ ಮನೆ ಅದಕ್ಕಿಂತ ಮೇಲೆ, ನನ್ನದು ಕೆಳಗೆ. ಅವಳು ಗುಂಡಿಗೆ ಹತ್ತಿರ, ಆದ್ದರಿಂದ ವೃತ್ತದೊಳಗೆ. ನಾನು ಸ್ವಲ್ಪ ದೂರ, ಆದ್ದರಿಂದ ಹೊರಗೆ. ಆದರೆ ಸ್ವಾಮಿ, ನೆಲದಡಿಯ ನೀರು ದಿಬ್ಬ ಹತ್ತುತ್ತದೆಯೇ? ನಿಮ್ಮ ವರದಿಯೇ ಹೇಳುತ್ತದೆ: ಗುಂಡಿಯ ಸುತ್ತಲಿನ ಜೇಡಿಮಣ್ಣು ಕಸದಲ್ಲಿನ ಸೀಸಿಯಂ ಎಂಬ ವಿಷವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಸ್ಟ್ರಾನ್ಷಿಯಂ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ, ಮರಳು ಸಿಕ್ಕಿದರೆ ನೀರಿನ ಜೊತೆ ಮೆಲ್ಲಗೆ ಇಳಿಯುತ್ತದೆ. ಕೆಳಗಿನ ಹಳೆಯ ಹೊಳೆಪಾತ್ರದ ಮರಳಿನಲ್ಲೇ ನನ್ನ ಬಾವಿ ಇದೆ. ನಿಮ್ಮ ಗೆರೆ ಕಂಡೊಡನೆ ತಲೆಬಾಗಿ ನಿಂತುಬಿಡುವಷ್ಟು ವಿನಯ ವಿಷಕ್ಕಿದೆ ಎಂದು ನಿಮಗೆ ಹೇಳಿದವರು ಯಾರು?

ಮೊನ್ನೆ ನಿಮ್ಮ ಮಣ್ಣು ಪರೀಕ್ಷಕರೊಬ್ಬರು ನನ್ನ ಹಿತ್ತಲಲ್ಲಿ ಕೊಳವೆ ಇಳಿಸಿ ಮಣ್ಣು ತೆಗೆದರು, ಬಾವಿ ನೀರನ್ನೂ ಶೀಶೆಗೆ ತುಂಬಿಕೊಂಡರು. ಬೆವರು ಸುರಿಯುತ್ತಿತ್ತು. ಪಾಪ ಎಂದು ಒಂದು ಲೋಟ ನೀರು ಕೊಟ್ಟೆ.

“ಬೇಡಮ್ಮ, ಈಗಷ್ಟೇ ಮೇಲಿನ ಮನೇಲಿ ಎರಡು ಲೋಟ ಕುಡ್ಕೊಂಡು ಬಂದೆ.”

ನನಗೆ ಮೈಯೆಲ್ಲ ಉರಿದುಹೋಯಿತು. “ಹಾಗಾದ್ರೆ ನಮ್ಮ ಬಾವಿ ನೀರು ಕುಡೀಬಾರ್ದಾ?” ಎಂದೆ.

“ನೀವು ವೃತ್ತದ ಹೊರಗಿದೀರಲ್ಲಮ್ಮ, ನಾನೇನೂ ಹೇಳೋ ಹಾಗಿಲ್ಲ” ಎಂದು ಸಾಮಾನು ಕಟ್ಟಿದರು. ಲೋಟ ಮುಟ್ಟಲೂ ಇಲ್ಲ.

ಒಳಗಿದ್ದ ನನ್ನ ಮಗಳು ಇದನ್ನೆಲ್ಲ ಕೇಳಿಸಿಕೊಂಡಳು. ತುಂಬಿದ ಬಸುರಿ. ಸಂಜೆಗೆ ಬಟ್ಟೆ ಗಂಟು ಕಟ್ಟಿದಳು. “ಬೇಜಾರು ಮಾಡ್ಕೋಬೇಡಮ್ಮ, ಹೆರಿಗೆ ಆಗೋವರೆಗೂ ದೊಡ್ಡಮ್ಮನ ಮನೇಲಿರ್ತೀನಿ.” ಕಳಿಸದೆ ಏನು ಮಾಡಲಿ? ಓರಗಿತ್ತಿ ಬಾಗಿಲಲ್ಲೇ ನಿಂತಿದ್ದಳು. “ನಿನಗೂ ನೀರು ಬೇಕಾದ್ರೆ ಬಾರೇ, ಸಂಕೋಚ ಪಟ್ಕೋಬೇಡ” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈಗ ದಿನಾ ಕೊಡ ಹಿಡಿದು ಅವಳ ನಲ್ಲಿಗೇ ಹೋಗುತ್ತೇನೆ. ಮಗಳು ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿರುತ್ತಾಳೆ.

ಅವಳ ನಲ್ಲಿ ಕಿತ್ತುಹಾಕಿ ಎಂದು ನಾನು ಕೇಳುತ್ತಿಲ್ಲ, ಒಂದೆರಡು ಸಲ ಹಾಗೆ ಅನಿಸಿದ್ದು ಮಾತ್ರ ಸುಳ್ಳಲ್ಲ. ನನ್ನ ಬಾವಿಯ ಪರೀಕ್ಷೆಯ ಫಲಿತಾಂಶ ಪ್ರಕಟಿಸಿ. ನೀರು ಹರಿಯುವ ದಿಕ್ಕು ನೋಡಿ ಗೆರೆ ಎಳೆಯಿರಿ. ಕೆಳಗಿನ ಮನೆಗಳಿಗೂ ನಲ್ಲಿ ಹಾಕಿಸಿ. ನಿಮ್ಮ ಕಡತ ಕಾಯಬಹುದು, ಹೆರಿಗೆ ಕಾಯುವುದಿಲ್ಲ. ನನ್ನ ಮೊಮ್ಮಗುವಿನ ಮೊದಲ ಸ್ನಾನ ಯಾರ ಮನೆಯಲ್ಲಿ ಎಂದು ನಿಮ್ಮ ಕೈವಾರ ತೀರ್ಮಾನಿಸುವುದು ಬೇಡ.

ಇಂತಿ,
ಕುಲಾವಿ ಹೊಲಿದಿಟ್ಟು, ಅದನ್ನು ಮೇಲಿನ ಮನೆಗೆ ಕಳಿಸಲು ಮನಸ್ಸು ಬಾರದ
ಕೆಳಮನೆಯ ಹೊಲಿಗೆಯವಳು