ಕಚ್ಚಾ ಹೊಲಿಗೆ

ನನ್ನ ಸೂಜಿಗೆ,

ಹೀಗೆ ಕರೆದರೆ ನೀನು ಬಟ್ಟೆಯಿಂದ ತಲೆ ಎತ್ತದೆ "ಏನ್ರೀ ಟಿಕೆಟ್ಟು?" ಎನ್ನುತ್ತೀಯೆಂದು ಈಗಲೂ ಅನಿಸುತ್ತದೆ. ಮೈ ಸಣ್ಣ, ಮಾತು ಚೂಪು ಎಂದು ನಾನು ನಿನಗಿಟ್ಟ ಹೆಸರು ಸೂಜಿ. ಲಾಂಚು ನಿಲ್ದಾಣದ ಕಿಂಡಿಯಲ್ಲಿ ಕೂತು, ಹೊಳೆ ದಾಟುವವರಿಗೆಲ್ಲ ಚೀಟಿ ಹರಿದುಕೊಡುವ ಗಂಡನಿಗೆ ನೀನಿಟ್ಟ ಹೆಸರು ಟಿಕೆಟ್ಟು. ನಿನ್ನೆ ಆಚೆ ದಡದಲ್ಲಿರುವ ನಿನ್ನ ತಂಗಿಯ ಮನೆಗೆ ಹೋಗಿದ್ದೆ. ಅಲ್ಲಿ ಕಂಡದ್ದನ್ನು ದಿನಚರಿಯಲ್ಲಿ ಬರೆಯಲು ಕೂತರೆ, ಅದು ನಿನಗೇ ಹೇಳಬೇಕಾದ ಮಾತಾಯಿತು.

ರಕ್ತ ಬೀಳುತ್ತಿದೆ ಎಂದು ನೀನು ಮೊದಲು ಹೇಳಿದ್ದು ನನಗೆ ಬೆನ್ನು ಹಾಕಿ, ಮೆಷಿನ್ನಿಗೆ ಎಣ್ಣೆ ಬಿಡುತ್ತ. "ಕೂತು ಕೂತು ಮೂಲವ್ಯಾಧಿ ಬಂದಿರ್ಬೇಕು. ದರ್ಜಿಗಳಿಗೆ ಅದೊಂದೇ ಆಸ್ತಿ" ಎಂದು ನಕ್ಕಿದ್ದೆ. ನಾನೂ ನಕ್ಕೆ. ಆಸ್ಪತ್ರೆಯಲ್ಲಿ ಕೊಳವೆ ಹಾಕಿ ನೋಡಿದ ಮೇಲೆ ಇಬ್ಬರ ನಗುವೂ ನಿಂತಿತು. ದೊಡ್ಡ ಕರುಳಿನ ಕೊನೆಯಲ್ಲಿದ್ದ ಗಂಟು ಕ್ಯಾನ್ಸರ್ ಆಗಿತ್ತು.

ಸರ್ಜನ್ನು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಕೆಟ್ಟ ತುಂಡನ್ನು ತೆಗೆದು ಎರಡು ತುದಿಗಳನ್ನು ಜೋಡಿಸುತ್ತಾರೆ. ಜೋಡಿಸಿದ್ದು ಮಾಯುವ ತನಕ ಅಲ್ಲಿ ಏನೂ ಹರಿಯಬಾರದು. ಅದಕ್ಕೆ ಸಣ್ಣ ಕರುಳಿಗೆ ಹೊಟ್ಟೆಯ ಮೇಲೆ ಬಾಯಿ ತೆರೆದು, ಅಲ್ಲೊಂದು ಚೀಲ ಅಂಟಿಸುತ್ತಾರೆ. ಕೆಲವು ತಿಂಗಳ ನಂತರ ಇನ್ನೊಂದು ಚಿಕ್ಕ ಆಪರೇಷನ್ನಿನಲ್ಲಿ ಆ ಬಾಯಿಯನ್ನು ಮುಚ್ಚುತ್ತಾರೆ. ಬದುಕುತ್ತೇನಾ ಎಂದು ಕೇಳುವ ಬದಲು ನೀನು ಕೇಳಿದ್ದು, "ಯಾವ ದಾರ ಹಾಕ್ತೀರಿ?"

"ಒಳಗಡೆ ಹೆಚ್ಚಾಗಿ ಪಿನ್ನೇ ಹೊಡೆಯೋದಮ್ಮ."

"ಪಿನ್ನು ಹೊಡೆಯೋದಕ್ಕೆ ಹೊಲಿಗೆ ಅನ್ಬೇಡಿ ಡಾಕ್ಟ್ರೇ. ಅದು ಗುಮಾಸ್ತರ ಕೆಲಸ."

ಅವರು ಪೆನ್ನು ಕೆಳಗಿಟ್ಟು ನಕ್ಕರು. ಆಪರೇಷನ್ ಚೆನ್ನಾಗಿಯೇ ಆಯಿತು. ಚೀಲ ಬದಲಾಯಿಸುವುದನ್ನು ಕಲಿಸಿದ ನರ್ಸು, "ಇದನ್ನ ಹಾಕ್ಕೊಂಡು ಈಜೋರಿದ್ದಾರೆ, ಊರೂರು ಸುತ್ತೋರಿದ್ದಾರೆ. ಮನೇಲಿ ಕೂರಬೇಡಿ" ಎಂದಳು. ನೀನು ತಲೆಯಾಡಿಸಿದೆ. ಹೊರಗೆ ಬಂದ ಮೇಲೆ ನನಗೆ ಹೇಳಿದ್ದೇ ಬೇರೆ. "ಇದು ಕಚ್ಚಾ ಹೊಲಿಗೆ ಕಣ್ರೀ. ಅಳತೆ ಸರಿಯಾಗಿದ್ಯಾ ನೋಡೋಕೆ ಉದ್ದುದ್ದ ಹಾಕಿ, ಆಮೇಲೆ ಬಿಚ್ಚೋದು. ಕಚ್ಚಾ ಹೊಲಿಗೆ ಬಟ್ಟೆ ಉಟ್ಕೊಂಡು ಯಾರಾದ್ರೂ ಬೀದಿಗೆ ಬರ್ತಾರಾ?"

ಆ ದಿನದಿಂದ ನಮ್ಮ ಮನೆಯಲ್ಲಿ ಎಲ್ಲದಕ್ಕೂ ಒಂದೇ ಉತ್ತರ: ಮುಚ್ಚಿದ ಮೇಲೆ. ನನ್ನ ಗೆಳೆಯನ ಮಗಳ ಮದುವೆಗೆ ಬೇಡ, ಮುಚ್ಚಿದ ಮೇಲೆ ಮನೆಗೇ ಹೋಗಿ ಹರಸಿ ಬರೋಣ. ಫೋಟೋ ಮುಚ್ಚಿದ ಮೇಲೆ. ನಿನಗೆಂದೇ ತಂದ ನೀಲಿ ಬಟ್ಟೆಯನ್ನು ಕತ್ತರಿಸುವುದೂ ಮುಚ್ಚಿದ ಮೇಲೆ. ತಂಗಿ ಹೊಸ ಮನೆ ಕಟ್ಟಿಸಿದ್ದಳು. ಅವಳ ಕಿಟಕಿಗಳಿಗೆಲ್ಲ ಪರದೆ ಹೊಲಿದುಕೊಟ್ಟವಳು ನೀನೇ. "ಅಕ್ಕ, ಭಾವ ಕೂರೋದೇ ಲಾಂಚಿನ ಬಾಗಿಲಲ್ಲಿ. ನಿನಗೇನು ಕಷ್ಟ?" ಎಂದು ಅವಳು ಫೋನಿನಲ್ಲಿ ಗೋಗರೆದರೆ, "ಮುಚ್ಚಿದ ಮೇಲೆ ಬಂದು ನಿನ್ನ ಮನೇಲೇ ಠಿಕಾಣಿ ಹೂಡ್ತೀನಿ, ಓಡಿಸಬೇಡ" ಎನ್ನುತ್ತಿದ್ದೆ. ಪರದೆಗಳನ್ನು ನಾನೇ ಲಾಂಚಿನವನ ಕೈಯಲ್ಲಿ ಕಳಿಸಿದೆ.

ಆಗ ನಿನಗೆ ನೋವಿರಲಿಲ್ಲ. ಊಟ ಸೇರುತ್ತಿತ್ತು, ಮೆಟ್ಟಿಲು ಹತ್ತುತ್ತಿದ್ದೆ. ಗಿರಾಕಿಗಳು ಬಂದಾಗ ಚೀಲ ಗುಡುಗುಡು ಎಂದರೆ, ಬಟ್ಟೆಯೇ ಇಲ್ಲದ ಮೆಷಿನ್ನನ್ನು ಜೋರಾಗಿ ತುಳಿಯುತ್ತಿದ್ದೆ. ಅದು ನನಗೆ ತಡವಾಗಿ ತಿಳಿಯಿತು. ಖಾಲಿ ಮೆಷಿನ್ನಿನ ಸದ್ದೇ ಬೇರೆ. ತಿಳಿದ ದಿನ ಒಳಗೆ ಬಂದು, ಗುಡುಗುಟ್ಟಲಿ ಬಿಡು, ಯಾರ ಹೊಟ್ಟೆ ತಾನೇ ಸದ್ದು ಮಾಡುವುದಿಲ್ಲ ಎನ್ನಬೇಕೆಂದುಕೊಂಡೆ. ಬಾಗಿಲಲ್ಲೇ ನಿಂತು, ನಿನಗೆ ಮುಜುಗರವಾದೀತೆಂದು ಹಿಂದಿರುಗಿದೆ. ನಾನೂ ಮನಸ್ಸಿನಲ್ಲಿ ಅಂದುಕೊಂಡಿದ್ದು ಅದೇ: ಇನ್ನೇನು, ಮುಚ್ಚಿದ ಮೇಲೆ ಎಲ್ಲ ಸರಿಹೋಗುತ್ತದೆ.

ಆಪರೇಷನ್ನಿನ ನಂತರ ಶುರುವಾಗಿದ್ದ ಕೀಮೋ ಮುಗಿಯಿತು. ಮುಚ್ಚುವ ಮುಂಚಿನ ಸ್ಕ್ಯಾನಿನಲ್ಲಿ ಪಿತ್ತಜನಕಾಂಗದ ಮೇಲೆ ಚುಕ್ಕೆಗಳು ಕಂಡವು. ಸರ್ಜನ್ನು ಈ ಸಲ ಚಿತ್ರ ಬರೆಯಲಿಲ್ಲ. "ಕೆಳಗಿನ ಜೋಡಣೆ ಚೆನ್ನಾಗಿ ಮಾಯ್ದಿದೆ. ಆದ್ರೆ ಈಗ ಮುಚ್ಚೋಕೆ ಕೈ ಹಾಕೋದು ಬೇಡ" ಎಂದರು. ನೀನು ಬಹಳ ಹೊತ್ತು ಸೆರಗಿನ ಅಂಚನ್ನು ಉಗುರಿನಿಂದ ಮಡಿಸುತ್ತ ಕೂತಿದ್ದೆ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ, "ಟಿಕೆಟ್ಟು, ನಾವು ಆ ಲಾಂಚು ಹತ್ತಿಬಿಡಬೇಕಿತ್ತು" ಎಂದೆ. ನಾಳೆಯೇ ಹೋಗೋಣ ಎಂದೆ ನಾನು. ಆದರೆ ಆ ವಾರವೇ ಜ್ವರ ಹಿಡಿಯಿತು. ಮತ್ತೆ ನೀನು ಲಾಂಚು ಹತ್ತುವಷ್ಟು ಚೇತರಿಸಿಕೊಳ್ಳಲೇ ಇಲ್ಲ.

ನೀನು ಹೋದ ಮೇಲೆ ನಾನೂ ಆಚೆ ದಡಕ್ಕೆ ಹೋಗಿರಲಿಲ್ಲ. ನಿನ್ನೆ ತಂಗಿಯೇ ಕಿಂಡಿಗೆ ಬಂದು, "ಭಾವ, ಇವತ್ತು ಬರದಿದ್ರೆ ನಿಮ್ಮ ಕಿಂಡಿಗೇ ಪರದೆ ಹಾಕಿ ಮುಚ್ಚಿಬಿಡ್ತೀನಿ" ಎಂದು ಎಳೆದುಕೊಂಡು ಹೋದಳು. ಕಿಟಕಿಯ ಪಕ್ಕ ಕೂರಿಸಿದಳು. ಪರದೆಯ ಕೆಳ ಅಂಚಿನ ಮೇಲೆ ಕೈ ಹೋಯಿತು. ಉದ್ದುದ್ದ ಬಿಳಿ ದಾರ. ಸೂಜಿ, ನೀನು ಅಂಚನ್ನು ಹೊಲಿದಿರಲೇ ಇಲ್ಲ. ಬರೀ ಕಚ್ಚಾ ಹಾಕಿ ಕಳಿಸಿದ್ದೆ.

"ಕಿಟಕಿ ನೋಡ್ದೆ ಉದ್ದ ಗೊತ್ತಾಗಲ್ಲ, ನಾನೇ ಬಂದು ಹೊಲೀತೀನಿ ಅಂದಿದ್ಳು" ಎಂದಳು ತಂಗಿ. "ನನಗೆ ಬಿಚ್ಚೋಕೆ ಕೈ ಬರ್ಲಿಲ್ಲ ಭಾವ. ಎಷ್ಟು ಸಲ ಒಗೆದಿದ್ದೀನೋ. ಮಕ್ಕಳು ದಿನಾ ಜೋತಾಡ್ತಾರೆ. ಒಂದು ಎಳೇನೂ ಬಿಟ್ಟಿಲ್ಲ ನೋಡಿ."

ನೋಡಿದೆ. ಒಂದು ಎಳೆಯೂ ಬಿಟ್ಟಿರಲಿಲ್ಲ. ಹೊಳೆಯ ಗಾಳಿಗೆ ಪರದೆ ಉಬ್ಬಿ, ಮತ್ತೆ ಇಳಿಯುತ್ತಿತ್ತು. ಹಾಗೇ ಇರಲಿ ಎಂದು ಹೇಳಿ ಬಂದೆ.

ಅಷ್ಟು ಗಟ್ಟಿಯಿತ್ತು, ಸೂಜಿ. ಅದನ್ನುಟ್ಟು ನಾವು ಎಲ್ಲಿಗಾದರೂ ಹೋಗಬಹುದಿತ್ತು.

ನೀನಿರುವ ಕಡೆ 'ಆಮೇಲೆ' ಎನ್ನುವ ಮಾತೇ ಇಲ್ಲದಿರಲಿ.

ಹೊಳೆಯ ಈಚೆ ದಡದಿಂದ,
ನಿನ್ನ ಟಿಕೆಟ್ಟು