ಪದ್ಮಯ್ಯ ಕೊಟ್ಟ ಬಾಟಲಿ

ಕೊಕ್ಕಡ
೨೭ ಮೇ ೧೯೯೯

ಪ್ರೀತಿಯ ತಮ್ಮ ನಿತೇಶನಿಗೆ ಅಕ್ಕ ಹರಿಣಾಕ್ಷಿಯ ಆಶೀರ್ವಾದಗಳು.

ನಿನ್ನ ಹೊಟ್ಟೆನೋವು ಈಗ ಹೇಗಿದೆ? ಹೊತ್ತು ಮೀರಿ ಉಣ್ಣುವುದನ್ನು ಬಿಡು ಎಂದು ಎಷ್ಟು ಸಲ ಬರೆದಿದ್ದೇನೆ. ಬಾರಿನಲ್ಲಿ ಗಿರಾಕಿಗಳು ಎಷ್ಟೇ ಇರಲಿ, ನಡುವೆ ಎರಡು ತುತ್ತು ಮಜ್ಜಿಗೆ ಅನ್ನ ತಿಂದರೆ ನಿನ್ನ ಧಣಿಗಳು ಬೇಡ ಅನ್ನಲಿಕ್ಕಿಲ್ಲ. ಅಮ್ಮ ಮಂಡಿನೋವು ಬಿಟ್ಟರೆ ಗಟ್ಟಿ ಇದ್ದಾಳೆ. ಬೀಡಿ ಕಟ್ಟಲು ಕೂತರೆ ಈಗಲೂ ಅವಳ ಕೈಯೇ ನನಗಿಂತ ಮುಂದೆ. ನಿನ್ನ ಎರಡು ಕಾಗದಗಳಿಗೆ ಉತ್ತರ ಬರೆಯಲಿಲ್ಲವೆಂದು ಸಿಟ್ಟು ಮಾಡಬೇಡ. ಬರೆಯಲು ಕೂತದ್ದು ಉಂಟು, ಒಂದೆರಡು ಸಾಲಿನ ಮೇಲೆ ಕೈ ಓಡಲಿಲ್ಲ. ಇವತ್ತು ಏನಾದರೂ ಸರಿ, ಮುಗಿಸಿಯೇ ಏಳುತ್ತೇನೆ.

ನೀನು ಬರೆದದ್ದು ನನಗೆ ಬಾಯಿಪಾಠವಾಗಿದೆ. ಗೋವಾದವರ ಗೇರುಹಣ್ಣಿನ ಸಾರಾಯಿ ಲೇಬಲ್ ಹಚ್ಚಿಕೊಂಡು ಮುಂಬಯಿಯ ಬಾರಿನಲ್ಲಿ ರಾಜನ ಹಾಗೆ ಕೂತಿದೆ, ನಮ್ಮದು ಮಾತ್ರ ಸೌದೆರಾಶಿಯ ಅಡಿಯಲ್ಲಿ ಕಳ್ಳನ ಹಾಗೆ ಅಡಗಿದೆ ಎಂದಿದ್ದೆ. ಧಣಿಗಳು ಕೈಜೋಡಿಸುತ್ತಾರೆ, ಕೆಲಸ ಬಿಟ್ಟು ಬರುತ್ತೇನೆ, ಅಮ್ಮನ ಹೆಸರಿನಲ್ಲೇ ಭಟ್ಟಿ ಶುರು ಮಾಡುವ ಎಂದಿದ್ದೆ. ಅದಕ್ಕೆ ಮೊದಲು ಮೂರು ತಾಲೂಕು ಸುತ್ತಿ, ಯಾರು ಏನು ಇಳಿಸುತ್ತಾರೆ, ಹೇಗೆ ಇಳಿಸುತ್ತಾರೆ ಎಂದು ನೋಡಿ, ಒಬ್ಬೊಬ್ಬರಿಂದ ಒಂದೊಂದು ಬಾಟಲಿ ತಂದಿಡಲು ನನಗೆ ಹೇಳಿದ್ದೆ. ಓದಿದಾಗ ನನಗೂ ಆಸೆಯಾಯಿತು ಮಾರಾಯ, ಸುಳ್ಳು ಯಾಕೆ ಹೇಳಲಿ. ನಾನು ಒಂದು ಹನಿಯೂ ಕುಡಿದವಳಲ್ಲ. ಆದರೆ ಅಮ್ಮನ ಭಟ್ಟಿಯ ಹೊಗೆಯಲ್ಲೇ ಬೆಳೆದವಳಲ್ಲವಾ? ಅಂಗೈಗೆ ಎರಡು ಹನಿ ಹಾಕಿ ತಿಕ್ಕಿ ಮೂಸಿದರೆ ಯಾವ ಹಣ್ಣು, ಎಷ್ಟು ದಿನ ಹುಳಿ ಬಂದದ್ದು ಎಂದು ನನಗೂ ತಿಳಿಯುತ್ತದೆ. ಅಮ್ಮ ಮಾತ್ರ ಕೇಳಿದ ಕೂಡಲೇ, "ಬೇಡ ಮಗಾ, ನಿನ್ನ ಗಂಡನಿಗಾಗಿ ನಾನು ಭಟ್ಟಿಯ ಹಂಡೆ ಬೋರಲು ಹಾಕಿದ್ದು, ಅದನ್ನು ಪುನಃ ಎತ್ತುವುದು ಬೇಡ" ಎಂದಳು. ನಿನ್ನ ಭಾವ ಕುಡಿತ ಬಿಟ್ಟು ಎರಡು ವರ್ಷ ಕಳೆದಿತ್ತು. ಇನ್ನು ಹೆದರಿಕೆ ಇಲ್ಲ ಎಂದು ನಾನೇ ಅವಳ ಬಾಯಿ ಮುಚ್ಚಿಸಿದೆ.

ಮೊದಲು ಹೋದದ್ದು ಪೊಳಲಿಯ ಹತ್ತಿರದ ರುಕ್ಮಯ್ಯಣ್ಣನಲ್ಲಿಗೆ. ತಾಳೆಮರದ ಕಳ್ಳು ಇಳಿಸುವವರು. ಬೆಳಿಗ್ಗೆ ಇಳಿಸಿದ್ದು ಎಳನೀರಿನ ಹಾಗೆ ಸಿಹಿ, ಸಂಜೆಗೆ ಅದೇ ಕಳ್ಳು ಹುಳಿಯಾಗಿ ಮೂಗಿಗೆ ಹೊಡೆಯುತ್ತದೆ. ಎಪ್ಪತ್ತರ ಹತ್ತಿರದ ಮನುಷ್ಯ, ಇನ್ನೂ ದಿನಕ್ಕೆರಡು ಸಲ ಮರ ಹತ್ತುತ್ತಾರೆ. "ಮೂವತ್ತು ಮರ ಇತ್ತು, ಈಗ ನಾಲ್ಕು ಉಂಟು. ನನ್ನ ಸೊಂಟ ಹೋದ ದಿನ ಇದೂ ಹೋಯಿತು ಅಂತ ತಿಳ್ಕೊ" ಎಂದು ನಕ್ಕರು. ಒಂದು ಬಾಟಲಿ ತುಂಬಿಸಿ, ಬಿರಡೆ ಗಟ್ಟಿ ಒತ್ತಬೇಡ ಎಂದು ಹೇಳಿಯೇ ಕೊಟ್ಟಿದ್ದರು. ಬಸ್ಸಿನಲ್ಲಿ ಚೆಲ್ಲೀತೆಂದು ನಾನು ಒತ್ತಿದೆ. ಅದು ಬಿ.ಸಿ. ರೋಡಿನ ಹತ್ತಿರ ಪಟಾಕಿಯ ಹಾಗೆ ಸಿಡಿದು ಮುಂದಿನ ಸೀಟಿನವರ ತಲೆಯ ಮೇಲೆಲ್ಲ ನೊರೆ. ಕಂಡಕ್ಟರ್ ನನ್ನನ್ನು ಅಲ್ಲೇ ಇಳಿಸಿದ. ಹೆಂಗಸು ಕಳ್ಳು ಹೊತ್ತುಕೊಂಡು ಹೋಗುತ್ತಾಳೆ ಎಂದು ಯಾರೋ ಹೇಳಿದ್ದು ಕಿವಿಗೆ ಬಿತ್ತು. ಒದ್ದೆ ಸೀರೆಯಲ್ಲಿ ನಿಂತು ನನಗೆ ನಗುವೂ ಬಂತು, ಅಳುವೂ ಬಂತು. ಒಂದು ದಿನವೂ ಬಾಟಲಿಯಲ್ಲಿ ಕೂರದ್ದನ್ನು ಮುಂಬಯಿಗೆ ಹೇಗೆ ಕಳಿಸುವುದು ತಮ್ಮಾ?

ಅಲ್ಲಿಂದಲೇ ಅಬಕಾರಿ ಆಫೀಸಿಗೂ ಹೋಗಿ ಕೇಳಿದೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಮಾತಾಡಿದರು. "ಕಳ್ಳಿಗಾದರೆ ಲೈಸೆನ್ಸ್ ಉಂಟಮ್ಮ. ಗೇರುಹಣ್ಣಿನದಕ್ಕೆ ಗೋವಾದಲ್ಲಿ ಉಂಟಂತೆ, ನಮ್ಮಲ್ಲಿ ಇಲ್ಲ. ಮನೆಯಲ್ಲಿ ಕಾಯಿಸಿದರೆ ಕೇಸು" ಎಂದರು. ಅವತ್ತೇ ನಾನು ಇದನ್ನು ನಿನಗೆ ಬರೆಯಬೇಕಿತ್ತು. ನಿನ್ನ ಉತ್ಸಾಹ ನೆನಪಾಗಿ, ಎಲ್ಲವನ್ನೂ ನೋಡಿ ಮುಗಿಸಿ ಒಟ್ಟಿಗೆ ಬರೆಯುವ ಎಂದುಕೊಂಡೆ.

ಎರಡನೆಯ ಸಲ ಬೆಳ್ತಂಗಡಿಯಾಚೆ ಘಟ್ಟದ ಬುಡಕ್ಕೆ ಹೋದೆ. ಅಲ್ಲಿ ಬೈನೆ ಮರದ ಕಳ್ಳು ಇಳಿಸುತ್ತಿದ್ದ ಚನಿಯಪ್ಪಣ್ಣ ಹೋದ ವರ್ಷ ಮರದಿಂದ ಬಿದ್ದು ಹಾಸಿಗೆ ಹಿಡಿದಿದ್ದಾರೆ. ಮಲಗಿದಲ್ಲಿಂದಲೇ, ಹೂಗೊನೆಯನ್ನು ಹೇಗೆ ಬಡಿದು ಹದ ಮಾಡಬೇಕು ಎಂದು ಕೈಯಾಡಿಸಿ ತೋರಿಸಿದರು. ಕಲಿಯುವವರು ಯಾರಾದರೂ ಇದ್ದಾರಾ ಎಂದು ಕೇಳಿದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಅಲ್ಲಿಂದ ಬರಿಗೈಯಲ್ಲಿ ಬಂದೆ.

ಕೊನೆಗೆ ಮೂಡುಬಿದಿರೆ ಕಡೆಯ ಪದ್ಮಯ್ಯ. ಒಂದು ಕಾಲದಲ್ಲಿ ಅಮ್ಮನಿಗೆ ಸರಿಸಮ ಇಳಿಸುತ್ತಿದ್ದವನು ಅವನೊಬ್ಬನೇ ಎಂದು ಅವಳೇ ಹೇಳುತ್ತಿದ್ದಳು. ಅವನ ಮನೆಯ ಹಿಂದೆ ಗೇರುಹಣ್ಣಿನ ವಾಸನೆಯೇ ಇರಲಿಲ್ಲ. "ಗೇರುಗುಡ್ಡೆ ಎಲ್ಲ ರಬ್ಬರ್ ಆಯಿತು ಮಾರಾಯ್ತಿ, ಹಣ್ಣು ಎಲ್ಲಿಂದ ತರುವುದು? ನಿನ್ನ ಅಮ್ಮನ ಕಾಲದವರು ಮೂಸಿ ಕುಡೀತಿದ್ದರು, ಈಗಿನವರು ಮೂಗು ಮುಚ್ಚಿ ಕುಡೀತಾರೆ" ಎಂದ. ಅವನು ಒಳಗಿಂದ ತಂದುಕೊಟ್ಟ ಬಾಟಲಿಯನ್ನು ಕುಲುಕಿ ನೋಡಿದೆ. ಅಮ್ಮನದರಲ್ಲಿ ಮುತ್ತಿನ ಸಾಲಿನ ಹಾಗೆ ನಿಲ್ಲುತ್ತಿದ್ದ ಗುಳ್ಳೆ ಇದರಲ್ಲಿ ನಿಲ್ಲಲಿಲ್ಲ. ಅಂಗೈಗೆ ಹಾಕಿ ಮೂಸಿದರೆ ಮರಕ್ಕೆ ಹೊಡೆಯುವ ಪಾಲಿಶಿನ ನಾತ. ಅವನು ಮುಚ್ಚಿಡಲೂ ಇಲ್ಲ. "ಸ್ಪಿರಿಟ್ ಸ್ವಲ್ಪ ಸೇರಿದೆ. ಬೊಂಬಾಯಿಯವರಿಗೆ ಗೊತ್ತಾಗ್ಲಿಕ್ಕಿಲ್ಲ, ತೆಕ್ಕೊಂಡು ಹೋಗು" ಎಂದ. ದಾರಿಯ ಚರಂಡಿಗೆ ಚೆಲ್ಲಬೇಕಿತ್ತು ನಾನು. ಎರಡು ಸಲ ಏನೂ ಇಲ್ಲದೆ ಮನೆಗೆ ಬಂದಿದ್ದೆನಲ್ಲ, ಮೂರನೆಯ ಸಲವೂ ಬರಿಗೈಯಲ್ಲಿ ಬರಲು ಮನಸ್ಸಾಗಲಿಲ್ಲ. ನೀನು ಬಂದಾಗ ತೋರಿಸಿ, ನೋಡು ಈಗ ಹೀಗಾಗಿದೆ ಎಂದು ಹೇಳುವ ಎಂದುಕೊಂಡು ತಂದು ಬಚ್ಚಲುಕೊಟ್ಟಿಗೆಯ ಅಟ್ಟದಲ್ಲಿ ತೆಂಗಿನಗರಿಯ ಹಿಂದೆ ಇಟ್ಟೆ.

ಮೇ ಒಂಬತ್ತು, ಆದಿತ್ಯವಾರ. ನಾನು ಮತ್ತು ಅಮ್ಮ ಜುಲೈಕಾಳ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದೆವು. ನಿನ್ನ ಭಾವ ಮಳೆಗೆ ಮೊದಲು ಸೌದೆ ಜೋಡಿಸುವ ಎಂದು ಅಟ್ಟ ಹತ್ತಿದ್ದಾರೆ. ನಾನು ಬರುವಾಗ ಮೆಟ್ಟಿಲ ಮೇಲೆ ತಲೆತಗ್ಗಿಸಿ ಕೂತಿದ್ದರು. "ಒಂದು ಗುಟುಕು ಅಂತ ತೆಗೆದದ್ದು ಹರಿಣಾ, ಆಮೇಲೆ ನಿಲ್ಲಿಸ್ಲಿಕ್ಕೆ ಆಗ್ಲಿಲ್ಲ" ಎಂದರು. ನಾನು ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಬೈಯುವ ಬದಲು ಆಗಲೇ ಜೀಪು ಮಾಡಿ ಕರೆದುಕೊಂಡು ಹೋಗಿದ್ದರೆ ಏನಾಗುತ್ತಿತ್ತೋ. ಮಾರನೆಯ ದಿನ ಮಧ್ಯಾಹ್ನ ಸುಡುಬಿಸಿಲು. ಅಂಗಳಕ್ಕೆ ಬಂದವರು, "ಏನಿದು, ಇಷ್ಟು ಮಂಜು ಇಳಿದಿದೆ, ಎಲ್ಲ ಬೆಳ್ಳಗೆ ಕಾಣ್ತದೆ" ಎಂದರು. ಅಮ್ಮನ ಕೈಯಿಂದ ಮೊರ ಜಾರಿಬಿತ್ತು.

ಮಂಗಳೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದೆವು. ಜೀವ ಉಳಿಯಿತು. ಕಣ್ಣಿನ ನರ ಸತ್ತಿದೆ, ದೃಷ್ಟಿ ಇನ್ನು ಬರುವುದಿಲ್ಲ ಎಂದು ಡಾಕ್ಟರು ನನ್ನೊಬ್ಬಳನ್ನು ಹೊರಗೆ ಕರೆದು ಹೇಳಿದರು. ಬಾಟಲಿ ಎಲ್ಲಿಯದು ಎಂದು ಪೊಲೀಸರು ಕೇಳಿದಾಗ, ಪೇಟೆಯಲ್ಲಿ ಯಾರೋ ಕೊಟ್ಟದ್ದು, ಮುಖ ನೆನಪಿಲ್ಲ ಎಂದು ನಿನ್ನ ಭಾವ ಹೇಳಿದರು. ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಪದ್ಮಯ್ಯನಿಗೆ ಹೇಳಿ ಕಳಿಸಿದೆ, ಇನ್ನು ಯಾರಿಗೂ ಕೊಡಬೇಡ ಎಂದು. ಮನೆಗೆ ಬೀಗ ಬಿದ್ದಿದೆಯಂತೆ.

ಕೆಲಸ ಬಿಟ್ಟು ಬರಬೇಡ ನಿತೇಶ. ಇಲ್ಲಿ ನೀನು ಅಂದುಕೊಂಡದ್ದು ಯಾವುದೂ ಉಳಿದಿಲ್ಲ. ನಿನ್ನದು ತಪ್ಪೆಂದು ನಾನು ಹೇಳುವುದಿಲ್ಲ. ವಾಸನೆ ಗೊತ್ತಿದ್ದವಳು ನಾನು, ಗೊತ್ತಿದ್ದೂ ತಂದವಳು ನಾನು. ಅಮ್ಮ ಒಂದು ಮಾತೂ ಆಡಿಲ್ಲ. ಆಡಿದ್ದರೆ ಒಳ್ಳೆಯದಿತ್ತು.

ನಿನ್ನ ಧಣಿಗಳಿಗೆ ನನ್ನ ನಮಸ್ಕಾರ ತಿಳಿಸು. ಮೈಗೆ ಜಾಗ್ರತೆ ಮಾಡು. ದೇವರು ನಿನ್ನನ್ನಾದರೂ ನೆಟ್ಟಗಿಟ್ಟಿರಲಿ.

ನಿನ್ನ ಅಕ್ಕ,
ಹರಿಣಾಕ್ಷಿ

ಮರೆತದ್ದಲ್ಲ, ಬರೆಯಲು ನಾಚಿಕೆಯಾಗಿ ಬಿಟ್ಟದ್ದು: ನಿಮ್ಮ ಬಾರಿನ ಅಡುಗೆಮನೆಯಲ್ಲಿ ಹೆಂಗಸರಿಗೆ ಏನಾದರೂ ಕೆಲಸ ಉಂಟಾ? ಪಾತ್ರೆ ತೊಳೆಯುವುದಾದರೂ ಆದೀತು. ನಿನ್ನ ಭಾವ ಕೆಲಸಕ್ಕಿದ್ದ ರಬ್ಬರ್ ತೋಟದವರು ಅವರ ಜಾಗಕ್ಕೆ ಬೇರೆಯವರನ್ನು ಇಟ್ಟಾಯಿತು, ಬೀಡಿಯೊಂದರಲ್ಲಿ ಮನೆ ನಡೆಯುವುದಿಲ್ಲ. ನಾನು ಬಂದರೆ ಅವರನ್ನು ಅಮ್ಮ ನೋಡಿಕೊಳ್ಳುತ್ತಾಳೆ. ಉತ್ತರವನ್ನು ಮನೆಗೆ ಹಾಕಬೇಡ, ಜುಲೈಕಾಳ ಗಂಡನ ಅಂಗಡಿಯ ವಿಳಾಸಕ್ಕೆ ಹಾಕು. ಮನೆಗೆ ಬಂದ ಕಾಗದವನ್ನೆಲ್ಲ ಗಟ್ಟಿಯಾಗಿ ಓದಿ ಹೇಳು ಅನ್ನುತ್ತಾರೆ. ಮಳೆಗಾಲ ಕಳೆದ ಮೇಲೆ ಕಣ್ಣು ಬರುತ್ತದೆ ಎಂದು ನಾನು ಅವರಿಗೆ ಹೇಳಿದ್ದೇನೆ.